ನತ್ತು ಛಾಪ ರಂಜಕ

ಯಾದಗಿರಿ ಸ್ಟೇಷನ್ ರಸ್ತೆ, ಝೆರಾಕ್ಸ್ ಅಂಗಡಿ ಮ್ಯಾಲ
ಕಬ್ಬಿಣದ ಪಾವಟಿಗಿ ಹತ್ತಿ ಹೋದ್ರ
ಮಕ್ಬೂಲ್ ವಕೀಲರ ಹತ್ರ ಇರೋ ಹುಡುಗ ಕೇಳ್ದ:
ನಿಮ್ದು ಉಪ್ಪಿನಕಾಯೋ, ಚಟ್ನಿಯೋ?

ಬರಣಿಯೊಳಗ ಇರೂತನ ಉಪ್ಪಿನಕಾಯಿ,
ರೊಟ್ಟಿ ಮ್ಯಾಲ ಬಿದ್ದ ಮ್ಯಾಲ ಚಟ್ನಿ, ಅಂದೆ.
ಅವ ನಗಲಿಲ್ಲ.
ಉಪ್ಪಿನಕಾಯಿ ಅಂದ್ರ ಇಪ್ಪತ್ತೊಂಬತ್ತನೇ ವರ್ಗ,
ಚಟ್ನಿ ಅಂದ್ರ ಮೂವತ್ತು.
ವರ್ಗಕ್ಕ ನಾಲ್ಕೂವರೆ ಸಾವಿರ ಸರ್ಕಾರಕ್ಕ,
ಎರಡೂ ಬೇಕಂದ್ರ ಒಂಬತ್ತು.
ನಮ್ಮ ಫೀಸು ಬ್ಯಾರೆ, ಬಾಂಡ್ ಪೇಪರ್ ಬ್ಯಾರೆ,
ಚೆನ್ನೈದವರು ತಕರಾರು ತೆಗದ್ರ ಅದರ ಉತ್ತರ ಬ್ಯಾರೆ.

ನಾ ಕಲ್ತದ್ದು ಮೂರನೇ ವರ್ಗದ ತನಕ.
ನಾ ಅರದ ಖಾರ
ಮೂವತ್ತನೇ ವರ್ಗದಾಗ ಕುಂತದ.

ಪಾವಟಿಗಿ ಮ್ಯಾಲೇ ಕುಂತು ಲೆಕ್ಕಾ ಹಾಕ್ದೆ.
ಪಾವ್ ಕಿಲೋ ಡಬ್ಬಿಗೆ ನನಗ ಉಳಿಯೋದು ಒಂಬತ್ತು ರೂಪಾಯಿ.
ಐನೂರು ಡಬ್ಬಿ ಆಗಬೇಕು.
ಐನೂರು ಡಬ್ಬಿ ಅಂದ್ರ ಒಂದೂಕಾಲು ಕ್ವಿಂಟಲ್
ಹಣ್ಣು ಮೆಣಸಿನಕಾಯಿ ತೊಟ್ಟು ಬಿಡಿಸಬೇಕು,
ಅಷ್ಟು ದಿನ ಕಣ್ಣಿಗೆ ಕೈ ಮುಟ್ಟಿಸಬಾರದು,
ಮೊಮ್ಮಗಳ ಗಲ್ಲ ಹಿಡಿಬಾರದು.
ಇದು ಒಂದು ವರ್ಗದ ಮಾತು.

ಖರೆ ಹೇಳಬೇಕಂದ್ರ ನಾ ಬಂದದ್ದು
ನಾಗಿಂದ್ರಮ್ಮನ ಬಾಯಿ ಮುಚ್ಚಸ್ಲಿಕ್ಕೆ.
ನನ್ನ ನೆಗೆಣ್ಣಿ. ಮೂಡಲ ಓಣಿ.
ಅತ್ತಿ ಸತ್ತು ಪಾಲಾದಾಗ
ಒಳ್ಳಕಲ್ಲು ನನಗ ಬಂತು, ಮೂಗಿನ ನತ್ತು ಅಕಿಗೆ ಹೋಯ್ತು.
ಹೆಸರು ಮಾತ್ರ ಯಾರೂ ತೂಗಲಿಲ್ಲ,
ಅದು ತಕ್ಕಡ್ಯಾಗ ಕೂಡೋ ಒಡವಿ ಅಂತ ಯಾರಿಗೆ ಗೊತ್ತಿತ್ತು?
ಹನ್ನೊಂದು ವರ್ಷ ಎರಡು ಅಂಗಡಿ, ಒಂದೇ ಛಾಪ.
ನನ್ನ ಡಬ್ಬಿ ಮ್ಯಾಲ ‘ಅಸಲಿ’,
ಅಕಿ ಡಬ್ಬಿ ಮ್ಯಾಲ ‘ಮೊದಲಿನ ಅಸಲಿ’.

ಮರುದಿನ ಹುಡುಗ ಕಂಪ್ಯೂಟರ್ ನನ್ನ ಕಡೆ ತಿರುಗಿಸ್ದ.
ಸೊಲ್ಲಾಪುರದ ಯಾವನೋ ಒಬ್ಬ,
ನಾ ಕಂಡಿಲ್ಲ, ಕೇಳಿಲ್ಲ,
ಎಂಟು ತಿಂಗಳ ಹಿಂದ ‘ನತ್ತು’ ಅಂತ ಅರ್ಜಿ ಹಾಕ್ಯಾನ. ಎರಡೂ ವರ್ಗಕ್ಕ.
ಚಿತ್ರದಾಗಿನ ಮುತ್ತು ಎಣಿಸಿದೆ. ಏಳು.
ನಮ್ಮತ್ತೀದು ಐದು.

ನೀವೇ ಮೊದಲು ಅಂತ ತೋರಸ್ರಿ, ಅಂದ.
ಯಾವ ಇಸ್ವಿಯಿಂದ? ಹಳೇ ಬಿಲ್ಲು ಅದ ಏನು?
ನಮ್ಮತ್ತಿ ಬಿಲ್ಲು ಬರದಾಕಿ ಅಲ್ಲ.
ಅಡಿಗಿಮನಿ ಗ್ವಾಡಿಗೆ ಇದ್ದಲಿಲಿಂದ ಗೆರಿ ಎಳೀತಿದ್ದಳು,
ಒಂದು ಗೆರಿ ಅಂದ್ರ ಒಂದು ಬರಣಿ ಉದ್ರಿ.
ಆ ಗ್ವಾಡಿಗೆ ಸುಣ್ಣ ಹೊಡಿಸಿದಾಕಿ ನಾನೇ,
ಮಗಳ ಲಗ್ನದಾಗ.

ಆದರ ಒಂದು ಚೀಟಿ ಇತ್ತು.
ರೇಲ್ವೆ ಕ್ಯಾಂಟೀನಿನವನು ಬರಕೊಟ್ಟದ್ದು:
ನತ್ತಿನ ರಂಜಕ, ಹನ್ನೆರಡು ಕಿಲೋ, ಹಣ ಪಾವತಿ.
ಕೆಳಗ ತಾರೀಖು, ನೇರಳೆ ಠಸ್ಸೆ.
ಅತ್ತಿ ಅದನ್ನ ಮಡಚಿ ಒಡವಿ ಡಬ್ಬಿಯೊಳಗ ಇಟ್ಟಿದ್ದಳು,
ನತ್ತಿನ ಕೆಳಗ, ಅಕ್ಕಸಾಲಿಗನ ಗುಲಾಬಿ ಕಾಗದದ ಕೆಳಗ.
ಡಬ್ಬಿ ಯಾರ ಪಾಲಿಗೆ ಹೋಯ್ತು, ಹೇಳೀನಲ್ಲ.

ಹನ್ನೊಂದು ವರ್ಷದ ಮ್ಯಾಲ ಅಕಿ ಬಾಗಿಲಿಗೆ ಹೋದೆ.
ಒಳಗ ಮೆಂತೆ ಹುರಿಯೋ ವಾಸನಿ.
ಇಳಿಸ್ಲಿಕ್ಕೆ ಯಾವಾಗ್ಲೂ ಒಂದು ಕ್ಷಣ ತಡಾ ಮಾಡ್ತಾಳ,
ಚೂರು ಕಹಿ ಉಳೀತದ.
ಗಿರಾಕಿಗೆ ತಿಳಿಯೂದಿಲ್ಲ. ನನಗ ತಿಳೀತದ.

ಅಕಿ ನನ್ನ ಮಾರಿ ನೋಡಲಿಲ್ಲ, ಕೈ ನೋಡಿದಳು.
ಉರದು ಕೆಂಪಾಗಿದ್ದವು. ಅಕೀವೂ ಹಂಗೇ.
ಸೊಲ್ಲಾಪುರದ್ದು ಹೇಳಿದೆ. ಏಳು ಮುತ್ತು, ಅಂದೆ.
ಏಳು? ಅಂತ ಮೂಗಿನಾಗ ನಕ್ಕಳು.

ಚೀಟಿ ಅದ, ಅಂದಳು. ತರ್ಲಿಕ್ಕೆ ಏಳಲಿಲ್ಲ.
ಅರ್ಜಿದಾರರ ಹೆಸರು ಬರಿಲಿಕ್ಕೆ ಎಷ್ಟು ಸಾಲು ಬಿಟ್ಟಾರ?
ಇಬ್ಬರಿದ್ರೂ ಫೀಸು ಅಷ್ಟೇ ಅಂತ, ಅಂದೆ.
ಯಾರ ಹೆಸರು ಮ್ಯಾಲ?

ಅದನ್ನ ನಾ ಹುಡುಗನಿಗೆ ಕೇಳಿರಲಿಲ್ಲ.
ಒಲಿ ಮ್ಯಾಲ ಮೆಂತೆ ಹತ್ತಲಿಕತ್ತಿತ್ತು.
ಇಳಸು, ಅಂದೆ.
ನನಗ ಹೇಳಬ್ಯಾಡ, ಅಂದಳು,
ಇಳಿಸಿದಳು.